ಕಣ್ಣು ಬಿಡಿಸುವ ಪದ್ಮಾವತಿ

ಮಂಡಿ ಮೊಹಲ್ಲಾದಲ್ಲಿ ಪದ್ಮಾವತಿ ಎಲ್ಲಿ ಸಿಗುತ್ತಾಳೆ ಎಂದು ಕೇಳಿದರೆ ಜನ ನಿಮ್ಮ ಮುಖ ಮುಖ ನೋಡುತ್ತಾರೆ. ಕಣ್ಣು ಬಿಡಿಸೋ ಪದ್ಮಕ್ಕ ಎಂದು ಕೇಳಿ, ಬೆಲ್ಲದ ಮಂಡಿಯ ಗುಮಾಸ್ತರಿಂದ ಹಿಡಿದು ಬಿರಿಯಾನಿ ಹೋಟೆಲಿನ ಗಲ್ಲಾದಲ್ಲಿ ಕೂತವರವರೆಗೆ ಎಲ್ಲರೂ ಕೈ ತೋರಿಸುತ್ತಾರೆ. ಕಬ್ಬಿಣದ ಅಂಗಡಿಯ ಪಕ್ಕದಲ್ಲಿ ಕಡಿದಾದ ಮೆಟ್ಟಿಲು, ಹತ್ತಿದರೆ ಗುರುಸಿದ್ದಯ್ಯನವರ ಸಿದ್ದಶ್ರೀ ಗ್ರಾಫಿಕ್ಸ್. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಟ್ಯುಟೋರಿಯಲ್‌ಗಳ ಪಾಂಪ್ಲೆಟ್ಟು, ಏನು ಹೇಳಿದರೂ ಮಾಡಿಕೊಡುತ್ತಾರೆ. ಆದರೆ ಅಂಗಡಿಗೆ ಹೆಸರು ಬಂದದ್ದು ಸಾವಿನ ಕೆಲಸದಿಂದ. ಶಿವಗಣಾರಾಧನೆ, ವೈಕುಂಠ ಸಮಾರಾಧನೆ, ಹಾಲುತುಪ್ಪ, ಪುಣ್ಯಸ್ಮರಣೆಯ ಕಾರ್ಡುಗಳು, ರಸ್ತೆ ತಿರುವಿನಲ್ಲಿ ಕಟ್ಟುವ ಶ್ರದ್ಧಾಂಜಲಿ ಫ್ಲೆಕ್ಸುಗಳು. ಒಬ್ಬರು ಸತ್ತ ಮೇಲೆ ಊರಿಗೆಲ್ಲ ಮುಖ ತೋರಿಸಬೇಕಲ್ಲ, ಆ ಮುಖ ತಯಾರಾಗುವುದು ಇಲ್ಲಿ.

ಇರುವಾಗ ನೆಟ್ಟಗೊಂದು ಫೋಟೋ ತೆಗೆಸಿಕೊಳ್ಳದವರು ನಮ್ಮಲ್ಲಿ ಎಷ್ಟು ಮಂದಿ ಎಂದು ನಿಮಗೆ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಕಳ್ಳನ ಹಾಗೆ ಕಾಣುತ್ತಾರೆ, ಮದುವೆಯ ಗುಂಪಿನಲ್ಲಿ ಇನ್ಯಾರದೋ ತಲೆಯ ಹಿಂದೆ ಅರ್ಧ ಕಾಣುತ್ತಾರೆ. ಕೊನೆಗೆ ಬೇರೆ ಗತಿಯಿಲ್ಲದೆ ಮನೆಯವರು ಹೆಣದ ಮುಖವನ್ನೇ ಮೊಬೈಲಿನಲ್ಲಿ ಹಿಡಿದು ಕಳಿಸುತ್ತಾರೆ. ಮೂಗಿನ ಹತ್ತಿ ತೆಗೆದು, ಗಲ್ಲಕ್ಕೆ ಕಟ್ಟಿದ ಬಟ್ಟೆ ಅಳಿಸಿ, ಕೊರಳಿಗೊಂದು ಇಸ್ತ್ರಿ ಮಾಡಿದ ಕಾಲರು ಕೂಡಿಸಿ, ಮುಚ್ಚಿದ ರೆಪ್ಪೆಯ ಜಾಗದಲ್ಲಿ ಬಿಟ್ಟ ಕಣ್ಣು ಕೂರಿಸಿ, ಈ ಮನುಷ್ಯ ನಿನ್ನೆ ತಾನೇ ಸ್ಟುಡಿಯೋಕ್ಕೆ ಹೋಗಿ ಕುರ್ಚಿಯಲ್ಲಿ ಕೂತಿದ್ದ ಎನ್ನುವಂತೆ ಮಾಡುವುದು ಪದ್ಮಾವತಿಯ ಕೆಲಸ.

ಆ ಕಣ್ಣು ಎಲ್ಲಿಂದ ಬರುತ್ತದೆ ಎನ್ನುತ್ತೀರಾ? ಬರೆದರೆ ಆಗುವುದಿಲ್ಲ, ಬರೆದ ಕಣ್ಣು ಗೊಂಬೆಯ ಕಣ್ಣು. ಬದುಕಿರುವವರಿಂದ ಎರವಲು ತರಬೇಕು. ಮಗನದು, ತಂಗಿಯದು, ರಕ್ತಸಂಬಂಧದವರದು ಸಿಕ್ಕರೆ ಮುಖಕ್ಕೆ ಸರಿಯಾಗಿ ಹೊಂದುತ್ತದೆ. ಯಾರೂ ಸಿಗದಿದ್ದರೆ ಇರಲಿ ಎಂದು ಅವಳು ಅಪರಿಚಿತರ ಕಣ್ಣುಗಳನ್ನು ಕಂಪ್ಯೂಟರಿನಲ್ಲಿ ಕೂಡಿಟ್ಟುಕೊಂಡಿದ್ದಾಳೆ. ಅದರಲ್ಲಿ ಒಬ್ಬ ಅಡುಗೆ ಭಟ್ಟರ ಕಣ್ಣು ಈಗ ಮೈಸೂರಿನ ಎಷ್ಟು ಗೋಡೆಗಳ ಮೇಲಿಂದ ನೋಡುತ್ತಿದೆಯೋ ದೇವರಿಗೇ ಗೊತ್ತು. ಭಟ್ಟರು ಮಾತ್ರ ಅಗ್ರಹಾರದಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾರೆ, ಪಾಪ, ಅವರಿಗೆ ಇದ್ಯಾವುದೂ ತಿಳಿಯದು. ಎದುರಿಗೆ ಸಿಕ್ಕರೆ ಪದ್ಮಾವತಿ ತಲೆ ತಗ್ಗಿಸಿಕೊಂಡು ಪಕ್ಕಕ್ಕೆ ಸರಿಯುತ್ತಾಳೆ.

ಇದು ಅವಳು ಬೇಡಿ ಪಡೆದ ಕೆಲಸವಲ್ಲ. ಅವಳ ಅಪ್ಪ ಸಣ್ಣಮಾದಯ್ಯ ಇದೇ ಮೊಹಲ್ಲಾದ ಮಂಡಿಗಳಲ್ಲಿ ಮೂಟೆ ಹೊರುತ್ತಿದ್ದವನು. ಮಗಳು ಟೈಪಿಂಗ್ ಕಲಿತು ಗುರುಸಿದ್ದಯ್ಯನವರಲ್ಲಿ ಸೇರಿದ ಹೊಸತರಲ್ಲೇ ಅಪ್ಪ ತೀರಿಕೊಂಡ. ಮನೆಯಲ್ಲಿ ಹುಡುಕಿದರೆ ಅವನದೊಂದು ಫೋಟೋ ಇಲ್ಲ. ಅವ್ವ ಗೋಡೆ ನೋಡಿಕೊಂಡು ಅಳುತ್ತಿದ್ದಳು. ಮಗಳಿಗೆ ತಡೆಯಲಾಗಲಿಲ್ಲ. ಹೂವಿನ ಹಾರದ ಮಧ್ಯೆ ಮಲಗಿದ್ದ ಮುಖವನ್ನು ಮೊಬೈಲಿನಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕಿಕೊಂಡಳು, ತನ್ನದೇ ಪಾಸ್‌ಪೋರ್ಟ್ ಫೋಟೋದಿಂದ ಕಣ್ಣು ಕತ್ತರಿಸಿ ಅಪ್ಪನಿಗೆ ಇಟ್ಟಳು. ಅವ್ವ ನೋಡಿ, ‘ನಿಮ್ಮಪ್ಪನೇ ಕಣವ್ವ, ನಿಮ್ಮಪ್ಪನೇ’ ಎಂದು ಸಮಾಧಾನಪಟ್ಟಳು. ಪದ್ಮಾವತಿಯ ಸಮಾಧಾನ ಅವತ್ತು ಹೋದದ್ದು ಮತ್ತೆ ಬಂದಿಲ್ಲ. ಆ ಫೋಟೋ ಇರುವ ಕೋಣೆಯಲ್ಲಿ ಒಬ್ಬಳೇ ಕೂರಲು ಇವತ್ತಿಗೂ ಅವಳಿಗೆ ಆಗುವುದಿಲ್ಲ. ಕನ್ನಡಿಯ ಮುಂದೆ ತಲೆ ಬಾಚಿಕೊಂಡರೆ ಅಪ್ಪ ನೋಡುತ್ತಾನೆ, ಅಪ್ಪನ ಫೋಟೋ ಒರೆಸಲು ಹೋದರೆ ತನ್ನನ್ನು ತಾನೇ ನೋಡಿಕೊಂಡಂತಾಗುತ್ತದೆ. ‘ನಿಮ್ಮಪ್ಪ ಥೇಟ್ ನಿನ್ನ ಥರಾನೇ ಗುರಾಯಿಸ್ತಾರಲ್ಲೇ’ ಎಂದು ಗಂಡ ಮದುವೆಯಾದ ಹೊಸದರಲ್ಲಿ ತಮಾಷೆ ಮಾಡಿದ್ದ. ಅವಳು ನಗಲಿಲ್ಲ. ಸತ್ತವನಿಗೆ ಏನನ್ನೋ ಕೊಟ್ಟುಬಿಟ್ಟಿದ್ದೇನೆ, ಅದು ಇನ್ನು ತನ್ನ ಕೈಗೆ ಬರುವುದಿಲ್ಲ ಎನ್ನುವ ಭಯ ಅವಳದು. ಇಂಥದ್ದನ್ನು ಯಾರ ಹತ್ತಿರ ಹೇಳಿಕೊಳ್ಳುವುದು ಹೇಳಿ.

ಅಂಗಡಿಗೆ ಒಂದು ಕಟ್ಟುಪಾಡು ಇತ್ತು. ಗುರುಸಿದ್ದಯ್ಯನವರು ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಿಂದ ನಡೆದುಕೊಂಡು ಬಂದದ್ದು. ಸಾವಿನ ಮನೆಯವರು ಮೆಟ್ಟಿಲು ಹತ್ತಿ ಬಂದಾಗ ಕೇಳುವುದನ್ನೆಲ್ಲ ಒಂದೇ ಸಲಕ್ಕೆ ಕೇಳಿ ಮುಗಿಸಬೇಕು. ಆಮೇಲೆ ಅಂಗಡಿಯಿಂದ ಆ ಮನೆಗೆ ತಿರುಗಿ ಫೋನು ಹೋಗಕೂಡದು. ಸಂದೇಹ ಬಂದರೆ ನಾವೇ ಬಗೆಹರಿಸಿಕೊಳ್ಳಬೇಕು, ತಪ್ಪಾದರೆ ನಮ್ಮ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಬೇಕು.

‘ಅವರೇ ಎದೆ ಒಡ್ಕೊಂಡು ಕೂತಿರ್ತಾರೆ ಕಣಮ್ಮ. ನಾವು ಫೋನ್ ಮಾಡಿ, ಸ್ವಾಮಿ, ನೀವು ಕಳಿಸಿದ ಹೆಣದ ಫೋಟೋ ಇದೇನಾ ಅಂತ ಕೇಳೋದಾ? ಅದು ಮನುಷ್ಯರು ಮಾಡೋ ಕೆಲಸ ಅಲ್ಲ’ ಎನ್ನುತ್ತಿದ್ದರು ಗುರುಸಿದ್ದಯ್ಯನವರು.

ಒಳ್ಳೆಯ ಮಾತೇ. ಇಷ್ಟು ಮರ್ಯಾದೆಯ ಮಾತಿನಿಂದ ಇಷ್ಟು ಕೇಡಾದೀತು ಎಂದು ಯಾರಿಗೆ ತಾನೇ ಹೊಳೆಯಬೇಕು.

ಕಂಪ್ಯೂಟರುಗಳನ್ನು ನೋಡಿಕೊಳ್ಳುವ ವಿಜಯ್‌ಕುಮಾರ್ ಆಗಾಗ ಬಂದಾಗ ತಲೆ ಚಚ್ಚಿಕೊಳ್ಳುತ್ತಿದ್ದ. ವಾಟ್ಸಾಪಿನಲ್ಲಿ ಬಂದ ಫೋಟೋ ದೊಡ್ಡದು ಮಾಡಿದರೆ ಒಡೆದುಹೋಗುತ್ತದೆ, ಹಾಗಾಗಿ ಮೇಲ್ ಮಾಡಿ ಎಂದೇ ಅಂಗಡಿಯಲ್ಲಿ ಎಲ್ಲರಿಗೂ ಹೇಳುವುದು. ಗುರುತು ಪರಿಚಯ ಇಲ್ಲದವರ ಈಮೇಲು ದಿನವಿಡೀ ಬರುತ್ತಿರುತ್ತದೆ.

‘ಅಕ್ಕ, ನಿಮ್ಮದು ಬಾಗಿಲೇ ಇಲ್ಲದ ಮನೆ. ಯಾರು ಏನು ಕಳಿಸಿದ್ರೂ ತೆಗೆದು ನೋಡೋದೇ ನಿಮ್ಮ ಕಸುಬು. ಒಂದು ಕೆಲಸ ಮಾಡಿ. ಈಮೇಲಿನ ಜತೆ ಫೈಲು ಬಂದ್ರೆ, ಗೊತ್ತಿರೋರೇ ಕಳಿಸಿದ್ರೂ, ಒಂದು ಫೋನ್ ಹಾಕಿ ನೀವೇ ಕಳ್ಸಿದ್ರಾ ಅಂತ ಕೇಳಿ. ಆಮೇಲೆ ತೆಗೀರಿ. ವೈರಸ್ಸು ಅಂತಾರಲ್ಲ, ಆ ಹುಳ ಬರೋದು ಗೊತ್ತಿರೋರ ಹೆಸರಲ್ಲೇ’ ಎಂದಿದ್ದ.

ಪದ್ಮಾವತಿ ಹೂಂ ಎಂದಿದ್ದಳು. ಮದುವೆ ಕಾರ್ಡಿನವರಿಗೆ ಫೋನು ಮಾಡಿ ಕೇಳುತ್ತಲೂ ಇದ್ದಳು. ಸಾವಿನವರಿಗೆ ಮಾತ್ರ ಇಲ್ಲ.

ಇನ್ನು ಪ್ರಸಾದನ ವಿಷಯಕ್ಕೆ ಬರೋಣ. ಸರಸ್ವತಿಪುರಂನ ಪುಟ್ಟಲಿಂಗಮ್ಮ ಎಂಬುವವರಿಗೆ ಇಬ್ಬರು ಗಂಡುಮಕ್ಕಳು, ಪ್ರಸಾದ್ ಮತ್ತು ವಾಗೀಶ. ಗಂಡ ಇಲ್ಲ. ಇಬ್ಬರೂ ಹೆಬ್ಬಾಳದ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ಒಂದು ದಿನ ರಾತ್ರಿಪಾಳಿ ಮುಗಿಸಿದ ತಮ್ಮನನ್ನು ಬೆಳಗ್ಗೆ ಗೇಟಿನಿಂದ ಕರೆದುಕೊಂಡು ಬರುತ್ತೇನೆಂದು ಅಣ್ಣ ಹೇಳಿದ್ದ. ಅಲಾರಂ ಹೊಡೆಯಿತು. ಅಣ್ಣ ಅದನ್ನು ಆರಿಸಿ ಮಗ್ಗುಲು ಬದಲಿಸಿದ. ಅಷ್ಟೇ ಅವನು ಮಾಡಿದ ತಪ್ಪು, ನೀವೂ ನಾನೂ ದಿನಾ ಮಾಡುವಂಥದ್ದು. ಕಾದು ಕಾದು ಸಾಕಾದ ವಾಗೀಶ ಯಾರದೋ ಬೈಕಿನ ಹಿಂದೆ ಕೂತ. ರಿಂಗ್ ರಸ್ತೆಯಲ್ಲಿ ಟಿಪ್ಪರ್ ಲಾರಿ ಬಡಿಯಿತು, ಹುಡುಗ ಅಲ್ಲೇ ಹೋದ. ಮುಖಕ್ಕೆ ಒಂದು ಗೀರೂ ಆಗಿರಲಿಲ್ಲ.

ವಾಗೀಶನ ಫೋಟೋಗಳಿಗೇನೂ ಬರವಿರಲಿಲ್ಲ, ಆದರೆ ಒಂದರಲ್ಲಾದರೂ ಆ ಹಾಳು ಕೂಲಿಂಗ್ ಗ್ಲಾಸ್ ತೆಗೆದಿದ್ದರೆ ಕೇಳಿ. ಉಳಿದವು ಅವನ ಮೊಬೈಲಿನಲ್ಲಿದ್ದವು, ಅದು ಲಾರಿಯ ಚಕ್ರದ ಕೆಳಗೆ ಪುಡಿಪುಡಿಯಾಗಿತ್ತು. ‘ನನ್ನ ಮಗ ನನ್ನ ನೋಡೋ ಫೋಟೋ ಬೇಕು’ ಎಂದು ಪುಟ್ಟಲಿಂಗಮ್ಮ ಹಟ ಹಿಡಿದರು. ಪ್ರಸಾದ್ ಐಸ್ ಪೆಟ್ಟಿಗೆಯ ಗಾಜು ಸರಿಸಿ ತಮ್ಮನ ಮುಖ ಹಿಡಿದ, ಅಂಗಡಿಗೆ ಮೇಲ್ ಮಾಡಿದ, ಹಿಂದೆಯೇ ತಾನೂ ಮೆಟ್ಟಿಲು ಹತ್ತಿ ಬಂದ. ಪದ್ಮಾವತಿ ಅವನ ಮುಖ ನೋಡಿದಳು, ಪರದೆಯ ಮೇಲಿನ ಮುಖ ನೋಡಿದಳು. ಅಣ್ಣತಮ್ಮ ಎರಕ ಹೊಯ್ದ ಹಾಗಿದ್ದರು. ಕಿಟಕಿಯ ಬೆಳಕಿನಲ್ಲಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಅವನ ಕಣ್ಣುಗಳನ್ನೇ ತೆಗೆದುಕೊಂಡಳು. ಕೆಲಸ ಮುಗಿದಾಗ ವಾಗೀಶ ಎದುರಿಗೆ ಬಂದು ಕೂತಂತಿತ್ತು. ದಸರಾದಲ್ಲಿ ಗೆಳೆಯನ ಮೊಬೈಲಿನಲ್ಲಿ ತೆಗೆದದ್ದು ಎಂದು ಪ್ರಸಾದ್ ತಾಯಿಗೆ ಹೇಳಿದ. ತಾಯಿ ನಂಬಿದರು.

ನಂಬಿದವರು ಆ ಫೋಟೋದ ಕೆಳಗೆ ಚಾಪೆ ಹಾಕಿಕೊಂಡು ಕೂತುಬಿಟ್ಟರು. ಬೆಳಗ್ಗೆ ಕಾಫಿ ಆಯಿತಾ ಎಂದು ಅದನ್ನು ಕೇಳುತ್ತಾರೆ, ಇವತ್ತು ಹುರುಳಿಕಾಳಿನ ಸಾರು ಕಣಪ್ಪ ಎಂದು ಅದಕ್ಕೆ ಹೇಳುತ್ತಾರೆ. ಬದುಕಿರುವ ಮಗನಿಗೆ ತಟ್ಟೆ ಬಡಿಸಿ ಒಳಗೆ ಹೋಗುತ್ತಾರೆ. ಅವನ ಬಟ್ಟೆ ಒಗೆಯುತ್ತಾರೆ, ಅವನ ಕ್ಯಾರಿಯರ್ ಕಟ್ಟುತ್ತಾರೆ, ಮುಖ ಮಾತ್ರ ನೋಡುವುದಿಲ್ಲ. ಆ ಬೆಳಗಿನಿಂದ ಒಮ್ಮೆಯೂ ನೋಡಿಲ್ಲ. ಬಯ್ದದ್ದೂ ಇಲ್ಲ. ಬಯ್ದಿದ್ದರೆ ಪ್ರಸಾದ್ ಬದುಕಿಕೊಳ್ಳುತ್ತಿದ್ದ.

ವರ್ಷಕ್ಕೊಮ್ಮೆ ಪುಣ್ಯಸ್ಮರಣೆಗೆ ಹೊಸ ಪ್ರಿಂಟ್ ಬೇಕೆಂದು ಅವನು ಅಂಗಡಿಗೆ ಬರುತ್ತಾನೆ. ಎರಡನೇ ವರ್ಷ ಬಂದಾಗ ಪದ್ಮಾವತಿಯ ಹತ್ತಿರ ಹೀಗೆಂದ: ‘ಅಕ್ಕ, ನಮ್ಮವ್ವ ನನ್ನ ಮುಖ ನೋಡಲ್ಲ. ಆದ್ರೆ ದಿನಾ ನನ್ನ ಕಣ್ಣು ನೋಡ್ತಾಳೆ. ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತ್ಕೊಂಡು, ಅವಳು ನನ್ನನ್ನೇ ಮಾತಾಡಿಸ್ತಿದ್ದಾಳೆ ಅಂದ್ಕೊತೀನಿ. ಅಷ್ಟು ಸಾಕು ನಂಗೆ. ಯಾರಿಗೂ ಹೇಳ್ಬೇಡಿ.’ ಆಮೇಲೆ ಇನ್ನೊಂದು ಮಾತು ಸೇರಿಸಿದ: ‘ನನ್ನ ಹಳೇ ಫೋನು ಈಗ ಅವ್ವನ ಹತ್ರ ಇದೆ, ಪ್ರವಚನ ಕೇಳ್ಕೊಳ್ಳಲಿ ಅಂತ ಕೊಟ್ಟಿದ್ದೀನಿ. ನನಗೆ ಬರೋ ಈಮೇಲೆಲ್ಲ ಅದಕ್ಕೂ ಬರ್ತದೆ. ತಮ್ಮನ ಮುಖ ನಿಮಗೆ ಕಳಿಸಿದ್ದ ಹಳೇದನ್ನ ಅಳಿಸಿದ್ದೀನಿ. ನೀವು ಏನೂ ಕಳಿಸ್ಬೇಡಿ, ನಾನೇ ಬರ್ತೀನಿ.’

ಅವನು ಮೆಟ್ಟಿಲಿಳಿದು ಹೋದ ಮೇಲೆ ಪದ್ಮಾವತಿಗೆ ಅವತ್ತಿಡೀ ಕೈ ಓಡಲಿಲ್ಲ. ತನ್ನ ಕಣ್ಣು ಇನ್ನೊಬ್ಬರ ಮುಖದಿಂದ ನೋಡುವುದು ಎಂದರೇನು ಎಂದು ಊರಲ್ಲಿ ಅವಳಿಗಲ್ಲದೆ ಇನ್ಯಾರಿಗೆ ಗೊತ್ತು.

ಹುಳ ಬಂದದ್ದು ಕಾರ್ತೀಕ ಮಾಸದಲ್ಲಿ. ವಿದ್ಯಾರಣ್ಯಪುರದ ನಂಜುಂಡಸ್ವಾಮಿ ಮೇಷ್ಟರು ಹೋದ ವರ್ಷ ಹೆಂಡತಿ ತೀರಿಕೊಂಡಾಗ ಇಲ್ಲೇ ಕಾರ್ಡು ಮಾಡಿಸಿದ್ದರು. ಅವರ ಹೆಸರಿನಲ್ಲಿ ಒಂದು ಮೇಲ್ ಬಂತು. ಹಳೆಯ ಈಮೇಲಿಗೇ ಬರೆದ ಉತ್ತರ, ಕೆಳಗೆ ಪದ್ಮಾವತಿಯೇ ಹೋದ ವರ್ಷ ಬರೆದಿದ್ದ ಸಾಲುಗಳು ಹಾಗೆಯೇ ಇದ್ದವು. ಮೇಲುಗಡೆ ಇಂಗ್ಲಿಷಿನಲ್ಲಿ, ಜತೆಗಿರುವ ಫೈಲು ನೋಡಿ ಎಂದು ಒಂದೇ ಸಾಲು. ವರ್ಷಾಬ್ದಿಕಕ್ಕೆ ಸರಿಯಾಗಿ ಬಂದಿದೆ, ಪಾಪ, ಮೇಷ್ಟರು ಕಾರ್ಡಿನ ವಿಷಯ ಬರೆದು ಕಳಿಸಿದ್ದಾರೆ ಎಂದುಕೊಂಡಳು. ಫೋನು ಮಾಡಿ ಕೇಳಬಹುದಿತ್ತು. ಸಾವಿನ ಮನೆಯಲ್ಲವೇ, ಕೇಳಲಿಲ್ಲ.

ಫೈಲು ತೆರೆದರೆ ಅರ್ಥವಾಗದ ಅಡ್ಡಾದಿಡ್ಡಿ ಅಕ್ಷರಗಳು. ಬೇರೆ ಯಾರೇ ಆಗಿದ್ದರೂ ಅಲ್ಲಿಗೇ ಕೈ ಹಿಂದೆ ತೆಗೆಯುತ್ತಿದ್ದರು. ಆದರೆ ಕನ್ನಡ ಡಿಟಿಪಿ ಮಾಡುವವರ ಹಣೆಬರಹ ನೋಡಿ, ನಮ್ಮ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ್ದು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಾಗ ಮೊದಲು ಹಾಗೆಯೇ ಕಾಣುವುದು. ದಿನಬೆಳಗಾದರೆ ಅವಳು ನೋಡುವುದೇ ಅದನ್ನು. ಸರಿಯಾಗಿ ಕಾಣಬೇಕಾದರೆ ಇಲ್ಲಿ ಒತ್ತಿ ಎಂದು ಮೇಲೊಂದು ಹಳದಿ ಪಟ್ಟಿ ಬಂತು. ಒತ್ತಿದಳು. ಖಾಲಿ ಹಾಳೆ ಬಂತು. ಮೇಷ್ಟರಿಗೆ ಕಳಿಸಲು ಬಂದಿಲ್ಲ, ಅವರೇ ಬರುತ್ತಾರೆ ಎಂದುಕೊಂಡು ಮುಂದಿನ ಕೆಲಸಕ್ಕೆ ಕೈ ಹಾಕಿದಳು.

ಕೆಲವು ದಿನ ಏನೂ ಆಗಲಿಲ್ಲ. ಆಮೇಲೊಂದು ಬೆಳಗ್ಗೆ ಅಂಗಡಿಯ ಫೋನು ಬಡಿದುಕೊಂಡಿತು. ಒಂಟಿಕೊಪ್ಪಲಿನಿಂದ ಒಬ್ಬ ಗಂಡಸು, ದನಿ ಬಾವಿಯೊಳಗಿಂದ ಬಂದಂತಿತ್ತು.

‘ನಮ್ಮ ತಾಯೀದು ಕಳಿಸಿದ್ದೀರಲ್ಲ. ಯಾಕೆ ಕಳಿಸಿದ್ರಿ?’

‘ಏನು ಸರ್? ನಾವು ಏನೂ ಕಳಿಸಿಲ್ಲ.’

‘ಹತ್ತಿ ಇಟ್ಟಿರೋದು. ಕಣ್ಣು ಮುಚ್ಚಿರೋದು. ನಿಮ್ಮ ಅಂಗಡಿ ಹೆಸರಿಂದಲೇ ಬಂದಿದೆ. ತಾಯಿ ಹೋಗಿ ಎಷ್ಟು ಕಾಲ ಆಯ್ತು. ಈಗ ಏನು ಬೇಕು ಅವರಿಗೆ?’

ಅದಾದ ಮೇಲೆ ಇನ್ನೊಂದು ಫೋನು, ಮತ್ತೊಂದು. ಒಬ್ಬಾಕೆ ಅತ್ತರು. ಒಬ್ಬರು, ಏನಾದರೂ ಶಾಂತಿ ಮಾಡಿಸಬೇಕಾ ಎಂದು ಮೆಲ್ಲಗೆ ಕೇಳಿದರು. ಪದ್ಮಾವತಿ ಕಣ್ಣು ಬಿಡಿಸಿ ಕಳಿಸಿದವರೆಲ್ಲ ಕಣ್ಣು ಮುಚ್ಚಿಕೊಂಡು ಮನೆಮನೆಗೆ ವಾಪಸು ಹೋಗುತ್ತಿದ್ದರು.

ವಿಜಯ್‌ಕುಮಾರ್ ಓಡಿ ಬಂದ. ಮೊದಲು ಇಂಟರ್ನೆಟ್ಟಿನ ವಯರು ಕಿತ್ತ. ಬಗ್ಗಿ ಎಲ್ಲವನ್ನೂ ನೋಡಿ, ಬೆವರು ಒರೆಸಿಕೊಂಡು ಹೇಳಿದ: ‘ಮೇಷ್ಟರ ಕಂಪ್ಯೂಟರಿಗೆ ಮೊದಲು ಹುಳ ಹೊಕ್ಕಿದೆ ಅಕ್ಕ. ಅವರ ಹೆಸರಲ್ಲಿ ನಿಮಗೆ ಬಂತು. ನೀವು ತೆಗೆದ್ರಿ, ನಿಮ್ಮ ಹಳೇ ಈಮೇಲೆಲ್ಲ ಕದ್ದುಕೊಂಡು ಹೋಯ್ತು. ಈಗ ಒಂದೊಂದಕ್ಕೂ ನಿಮ್ಮ ಹೆಸರಲ್ಲಿ ಉತ್ತರ ಕಳಿಸ್ತಾ ಇದೆ. ನಂಬಲಿ ಅಂತ ಅವರವರೇ ಕಳಿಸಿದ್ದ ಫೋಟೋನ ಜತೆಗೆ ಇಡ್ತದೆ, ಪಕ್ಕದಲ್ಲಿ ಇನ್ನೊಂದು ಫೈಲು. ಆ ಫೈಲು ಕಂಪ್ಯೂಟರಿನಲ್ಲಿ ತೆಗೆದೋರ ಮನೆಗೂ ಹುಳ ಹೋಗ್ತದೆ.’

‘ವಯರು ಕಿತ್ತೆಯಲ್ಲ, ಇನ್ನು ನಿಲ್ತದೆ ತಾನೆ?’ ಎಂದರು ಗುರುಸಿದ್ದಯ್ಯನವರು.

‘ಇಲ್ಲಿಂದ ಹೋಗ್ತಿದ್ರೆ ನಿಲ್ತಿತ್ತು ಸರ್. ಈಗ ಎಲ್ಲಿಂದಲೋ ಹೋಗ್ತಾ ಇದೆ, ಹೆಸರು ಮಾತ್ರ ನಮ್ಮದು. ಪಾಸ್‌ವರ್ಡ್ ಬದಲಾಯಿಸ್ತೀನಿ, ಕಂಪ್ಯೂಟರ್ ಅಳಿಸಿ ಹೊಸದಾಗಿ ಹಾಕ್ತೀನಿ. ಆದ್ರೆ ಕದ್ದದ್ದು ಕದ್ದಾಯ್ತು. ಯಾವ ಮನೆಗೆ ಯಾವಾಗ ಹೋಗ್ತದೆ ಅಂತ ಹೇಳೋಕಾಗಲ್ಲ. ಅದಕ್ಕೆ ಮುಂಚೆ ನಾವೇ ಎಲ್ಲರಿಗೂ ಫೋನ್ ಮಾಡಿ, ನಮ್ಮ ಹೆಸರಲ್ಲಿ ಬಂದದ್ದು ತೆಗೀಬೇಡಿ ಅನ್ನಬೇಕು. ಬೇರೆ ದಾರಿ ಇಲ್ಲ.’

ಗುರುಸಿದ್ದಯ್ಯನವರು ಹಳೆಯ ಆರ್ಡರ್ ಪುಸ್ತಕಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಜೀವಮಾನವಿಡೀ ಯಾವ ಮನೆಗಳಿಗೆ ಫೋನು ಮಾಡಬಾರದೆಂದಿದ್ದರೋ ಆ ಮನೆಗಳಿಗೇ, ಒಂದನ್ನೂ ಬಿಡದೆ ಮಾಡಬೇಕು. ಕೊನೆಗೆ ಕನ್ನಡಕ ಹಾಕಿಕೊಂಡು ಫೋನು ಹತ್ತಿರ ಎಳೆದುಕೊಂಡರು. ‘ಸ್ವಾಮಿ, ನಾನು ಗುರುಸಿದ್ದಯ್ಯ, ಕಾರ್ಡಿನಂಗಡಿ. ನಿಮ್ಮ ತಂದೆಯವರ ವಿಷಯ’ ಎಂದು ಶುರುಮಾಡಿದರು.

ಪದ್ಮಾವತಿಗೆ ಅಷ್ಟರಲ್ಲಿ ಒಂದೇ ಮನೆ ನೆನಪಿಗೆ ಬಂದಿತ್ತು. ಪ್ರಸಾದನಿಗೆ ಫೋನು ಮಾಡಿದಳು, ಸ್ವಿಚ್ ಆಫ್. ಬೆಳಗಿನ ಪಾಳಿ ಇರಬೇಕು. ಕಾರ್ಖಾನೆಯ ಒಳಗೆ ಮೊಬೈಲ್ ಬಿಡುವುದಿಲ್ಲ, ಗೇಟಿನಲ್ಲೇ ಇಟ್ಟು ಹೋಗಬೇಕು. ಮತ್ತೆ ಮಾಡಿದಳು, ಅದೇ. ಮೇಲ್ ಬರುವುದು ಆ ತಾಯಿಯ ಕೈಯಲ್ಲಿರುವ ಫೋನಿಗೆ. ಫೈಲಿನಿಂದ ಆ ಫೋನಿಗೆ ಏನೂ ಆಗಲಾರದು ಎಂದು ವಿಜಯ್‌ಕುಮಾರ್ ಹೇಳಿದ. ಫೋನಿನ ಚಿಂತೆ ಯಾರಿಗಿತ್ತು. ಆ ತಾಯಿ ಎರಡು ಮುಖ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಸಾಕು, ಪ್ರಸಾದನಿಗೆ ಈ ಲೋಕದಲ್ಲಿ ಉಳಿದದ್ದೂ ಹೋಗುತ್ತಿತ್ತು.

‘ಯಜಮಾನ್ರೇ, ನಾನು ಸರಸ್ವತಿಪುರಂಗೆ ಹೋಗಿಬರ್ತೀನಿ’ ಎಂದಳು. ಗುರುಸಿದ್ದಯ್ಯನವರು ಫೋನಿನಲ್ಲಿ ಮಾತಾಡುತ್ತಲೇ ಹೋಗು ಎಂದು ಕೈಸನ್ನೆ ಮಾಡಿದರು.

ಆಟೋದಲ್ಲಿ ಕೂತವಳಿಗೆ ದಾರಿ ಕಾಣಲಿಲ್ಲ. ಸಿಗ್ನಲಿನಲ್ಲಿ ನಿಂತಾಗ ಕಂಬಕ್ಕೆ ಕಟ್ಟಿದ ಶ್ರದ್ಧಾಂಜಲಿ ಫ್ಲೆಕ್ಸೊಂದು ಎದುರಾಯಿತು. ಅವಳದೇ ಕೈಕೆಲಸ, ಭಟ್ಟರ ಕಣ್ಣು. ಅದು ಅವಳನ್ನು ನೆಟ್ಟಗೆ ನೋಡುತ್ತಿತ್ತು. ಇಷ್ಟು ವರ್ಷ ತಾನು ಸತ್ತವರ ಕಣ್ಣು ಬಿಡಿಸಿದೆ ಎಂದುಕೊಂಡಿದ್ದಳು. ಈಗ ಹೊಟ್ಟೆಯೊಳಗೆ ಬೇರೆ ಮಾತು ಎದ್ದಿತು. ಮಲಗಿದ್ದವರನ್ನು ಮಲಗಲು ಬಿಡಲಿಲ್ಲ ನೀನು, ಅದಕ್ಕೇ ಎದ್ದು ಬಂದಿದ್ದಾರೆ. ಹುಳ ಗಿಳ ಎಂದು ವಿಜಯ್‌ಕುಮಾರ್ ಹೇಳಿದ್ದು ಅವಳ ಬುದ್ಧಿಗೆ ಗೊತ್ತಿತ್ತು, ಮೈಗೆ ಗೊತ್ತಾಗಲಿಲ್ಲ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಸೆರಗು ಹೊದ್ದುಕೊಂಡು ಕೂತಳು.

ಮನೆಯ ಬಾಗಿಲು ತೆರೆದೇ ಇತ್ತು. ಫೋನು ಕೇಳಿ ಇಸಿದುಕೊಳ್ಳುವುದು, ಬಂದಿದ್ದರೆ ಅಳಿಸುವುದು, ನೀರು ಕುಡಿದು ಎದ್ದು ಬರುವುದು, ಇಷ್ಟು ಅವಳು ಯೋಚಿಸಿಕೊಂಡಿದ್ದಳು. ಚಪ್ಪಲಿ ಬಿಟ್ಟು ಇಣುಕಿದರೆ ಪುಟ್ಟಲಿಂಗಮ್ಮ ಚಾಪೆಯ ಮೇಲೆ ಕೂತಿದ್ದರು. ಮೇಲೆ ಗೋಡೆಯಲ್ಲಿ ವಾಗೀಶ, ತೊಡೆಯ ಮೇಲೆ ಫೋನು.

‘ಯಾರವ್ವ?’

‘ಫೋಟೋ ಮಾಡೋ ಅಂಗಡಿಯಿಂದ ಅಮ್ಮ. ಪದ್ಮಾವತಿ ಅಂತ.’

‘ಬಾ, ಕೂತ್ಕೊ. ಬೆಳಿಗ್ಗೆ ಬಂತು ನಿಮ್ಮದು’ ಎಂದರು. ಫೋನು ಎತ್ತಿ ತೋರಿಸಿದರು. ಐಸ್ ಪೆಟ್ಟಿಗೆಯ ಮುಖ, ಎರಡು ಬೆರಳಿನಿಂದ ಹಿಗ್ಗಿಸಿ ದೊಡ್ಡದು ಮಾಡಿಟ್ಟಿದ್ದರು.

ಪದ್ಮಾವತಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

‘ಈ ಹಣೆ ನೋಡು, ಆ ಹಣೆ ನೋಡು. ಕೂದ್ಲು ಸುಳಿ ನೋಡು. ತುಟಿ ಹಿಂಗೆ ಒಂದು ಕಡೀಕೆ ಹೋಗಿರೋದು ನೋಡು. ಎಲ್ಲ ಒಂದೇಯ. ದಸರಾದಲ್ಲಿ ತೆಗ್ದಿದ್ದು ಅಂದಿದ್ರು ನಂಗೆ. ಇದನ್ನೇ ಅದು ಮಾಡಿರೋದು, ಅಲ್ವಾ?’

ಪದ್ಮಾವತಿ ತಲೆಯಾಡಿಸಿದಳು.

‘ನೀನೇನಾ ಮಾಡಿದ್ದು?’

‘ಹೂಂ ಅಮ್ಮ.’

‘ಕಣ್ಣು ಯಾರವು?’

ಬಾಯಿಗೆ ಸುಳ್ಳು ತಾನಾಗಿಯೇ ಬಂತು. ‘ಯಾರವೂ ಅಲ್ಲ ಅಮ್ಮ. ಕಂಪ್ಯೂಟರಲ್ಲಿ ಇರ್ತವೆ ಅಂಥವು.’

ಪುಟ್ಟಲಿಂಗಮ್ಮ ಗೋಡೆಯ ಕಡೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, ‘ಯಾರವೂ ಅಲ್ದಿರೋ ಕಣ್ಣಿಗಾ ನಾನು ಇಷ್ಟು ವರ್ಷ ಉಂಡ್ಯಾ ಮಗ ಅಂತ ಕೇಳಿದ್ದು? ಅವು ನನ್ನ ನೋಡ್ತಿದ್ವು ಕಣವ್ವ. ಸಂಕಟ ಪಟ್ಕೊಂಡು ನೋಡ್ತಿದ್ವು. ನಾನು ಅತ್ರೆ ಅವೂ ಅಳೋವು. ಯಾರೂ ಇಲ್ದೇನೇ ಅಂಗೆ ನೋಡ್ತದಾ? ನಂಗೆ ಮರುಳು ಹಿಡಿದಿತ್ತು ಅಂತೀಯಾ?’ ಎಂದರು.

ಪದ್ಮಾವತಿಗೆ ಆಗ ತಾನು ಎಲ್ಲಿ ನಿಂತಿದ್ದೇನೆಂದು ತಿಳಿಯಿತು. ನಿಜ ಹೇಳಿದರೆ ಪ್ರಸಾದನಿಗೆ ಉಳಿದಿದ್ದ ಆ ನೋಟವೂ ಹೋಗುತ್ತದೆ. ಸುಳ್ಳನ್ನೇ ಸಾಧಿಸಿದರೆ ಈ ತಾಯಿ ಇಷ್ಟು ದಿನ ಮಾತಾಡಿದ್ದೆಲ್ಲ ಬರೀ ಗೋಡೆಗೆ ಹೋಗುತ್ತದೆ. ಫೋನಿನಲ್ಲಿ ಮುಚ್ಚಿದ ಕಣ್ಣು, ಗೋಡೆಯ ಮೇಲೆ ಬಿಟ್ಟ ಕಣ್ಣು, ನಡುವೆ ಕೂತ ಹೆಂಗಸಿನ ಒಣಗಿದ ಕಣ್ಣು, ಎಲ್ಲವೂ ಅವಳ ಉತ್ತರಕ್ಕೆ ಕಾಯುತ್ತಿದ್ದವು.

‘ಪ್ರಸಾದ್ ಅವರವು ಅಮ್ಮ’ ಎಂದಳು. ‘ಅವತ್ತು ಅಂಗಡಿಗೆ ಬಂದಿದ್ರು. ನಾನೇ ತಗೊಂಡೆ. ನೀವು ಮುಖ ನೋಡಲ್ಲ, ಕಣ್ಣಾದ್ರೂ ನೋಡ್ತೀರಲ್ಲ ಅಂತ ಅವರು ಯಾರಿಗೂ ಹೇಳಿಲ್ಲ.’

ಪುಟ್ಟಲಿಂಗಮ್ಮನವರ ಕೈ ಫೋನಿನ ಮೇಲೆ ಹಾಗೆಯೇ ಇತ್ತು. ಗೋಡೆಯ ಫೋಟೋ ಕೀಳುತ್ತಾರೆ, ಮೋರಿಗೆ ಎಸೆಯುತ್ತಾರೆ ಎಂದು ಪದ್ಮಾವತಿ ಹೆದರಿದಳು. ಹೇಳಬಾರದಿತ್ತು, ನನ್ನ ನಾಲಿಗೆ ಬಿದ್ದುಹೋಗಲಿ ಎಂದು ತನ್ನನ್ನು ತಾನೇ ಶಪಿಸಿಕೊಂಡಳು.

ಹೊರಗೆ ಬೈಕು ನಿಂತ ಸದ್ದಾಯಿತು. ಬೆಳಗಿನ ಪಾಳಿ ಮುಗಿಸಿದ ಪ್ರಸಾದ್ ಬಂದ. ಬಾಗಿಲಲ್ಲಿ ಗುರುತಿಲ್ಲದ ಚಪ್ಪಲಿ ನೋಡಿದ, ಒಳಗೆ ಪದ್ಮಾವತಿಯನ್ನು ನೋಡಿದ, ತಾಯಿಯ ತೊಡೆಯ ಮೇಲೆ ಬೆಳಗುತ್ತಿದ್ದ ತಮ್ಮನ ಮುಖ ನೋಡಿದ. ಕೈಯಲ್ಲಿದ್ದ ಹೆಲ್ಮೆಟ್ಟನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಹಿಡಿದುಕೊಂಡೇ ನಿಂತ. ಇಪ್ಪತ್ತೆಂಟರ ಹುಡುಗ, ಕಿವಿಯ ಪಕ್ಕ ಕೂದಲು ನೆರೆತಿತ್ತು.

ಪುಟ್ಟಲಿಂಗಮ್ಮ ತಲೆಯೆತ್ತಿದರು. ಆ ಬೆಳಗಿನಿಂದೀಚೆಗೆ ಮೊದಲ ಸಲ ಮಗನ ಮುಖವನ್ನು ನೇರವಾಗಿ ನೋಡಿದರು.

ಅವನಿಗೆ ತಡೆಯಲಾಗಲಿಲ್ಲ. ಯಾವ ನೋಟಕ್ಕಾಗಿ ಅಡುಗೆಮನೆಯ ಬಾಗಿಲ ಹಿಂದೆ ಕಳ್ಳನ ಹಾಗೆ ನಿಲ್ಲುತ್ತಿದ್ದನೋ ಅದು ಎದುರಿಗೆ ಬಂದಾಗ ಅವನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡುಬಿಟ್ಟ.

ಪದ್ಮಾವತಿ ಆ ಮುಖ ನೋಡಿದಳು. ಅದೇ ಹಣೆ, ಅದೇ ಒಂದು ಕಡೆಗೆ ಹೋದ ತುಟಿ, ಅದೇ ಮುಚ್ಚಿದ ರೆಪ್ಪೆ. ಫೋನಿನಲ್ಲಿದ್ದವನೇ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದ. ತಾಯಿಯೂ ಅದನ್ನೇ ಕಂಡಿರಬೇಕು. ಅವರ ಬಾಯಿಂದ ಎಂಥದೋ ಸದ್ದು ಹೊರಟಿತು, ಫೋನು ಚಾಪೆಯ ಮೇಲೆ ಬಿತ್ತು. ನೆಲಕ್ಕೆ ಕೈಯೂರಿ ಎದ್ದು, ತಡವರಿಸಿಕೊಂಡು ಹೋಗಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

‘ಕಣ್ಣು ಬುಡ್ಲಾ’ ಎಂದರು. ‘ಪ್ರಸಾದ, ಕಣ್ಣು ಬುಡ್ಲಾ ಮಗ.’

ಅವನು ಬಿಡಲಿಲ್ಲ. ಬಿಟ್ಟರೆ ಅವ್ವ ಮುಖ ತಿರುಗಿಸಿಕೊಂಡಾಳು ಎಂದು ಹೆದರಿ ಹೆಲ್ಮೆಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಪುಟ್ಟಲಿಂಗಮ್ಮ ಎರಡು ಹೆಬ್ಬೆರಳನ್ನು ಅವನ ರೆಪ್ಪೆಗಳ ಮೇಲಿಟ್ಟರು. ನಿದ್ದೆಯಿಂದ ಏಳದ ಕೂಸಿಗೆ ಮಾಡುವ ಹಾಗೆ ಮೆಲ್ಲಗೆ ರೆಪ್ಪೆಗಳನ್ನು ಮೇಲಕ್ಕೆ ಸರಿಸಿ, ತಮ್ಮ ಮುಖವನ್ನು ಅವನ ಮುಖದ ಹತ್ತಿರಕ್ಕೆ ತಂದರು.

‘ನೋಡ್ಲಾ’ ಎಂದರು. ‘ನಾನು, ನಿಮ್ಮವ್ವ.’